ಫೋಟೋ ತೆಗೆದು ಊರು ಹಾಕಿಸಿದ್ದು

ನನ್ನ ಮೇಲೆ ತಪ್ಪು ಹೊರಿಸಿದ ಆ ಮ್ಯಾನೇಜರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಉದ್ದೇಶವೂ ಇಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಶಿರಸಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸು. ನಮ್ಮ ಕಡೆ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಊರಿಗೊಬ್ಬರಾದರೂ ಇರುತ್ತಾರೆ. ಹಾಗಾಗಿ ವಾರ್ಡಿನಲ್ಲಿ ಹೆಸರು ಹಿಡಿದು ಕರೆಯುವ ರೂಢಿಯೇ ಇರಲಿಲ್ಲ. ಊರು ಹಿಡಿದೇ ಕರೆಯುತ್ತಿದ್ದೆವು. ಮನ್ಮನೆಯವರು, ಬಿಳಗಿಯವರು, ಇಸಳೂರಿನ ಅಮ್ಮ, ಅಷ್ಟೇ. ಮಂಚಕ್ಕೆ ತೂಗುಹಾಕಿದ ಚಾರ್ಟಿನಲ್ಲೂ ಊರೇ ಮೊದಲು.

ಆಮೇಲೆ ಕಂಪ್ಯೂಟರ್ ಬಂತು. ಮ್ಯಾನೇಜರು ಚಾರ್ಟುಗಳನ್ನೆಲ್ಲ ತೆಗೆಸಿಬಿಟ್ಟರು. ಪರದೆಯ ಅರ್ಧಭಾಗ ಆಸ್ಪತ್ರೆ ಕಟ್ಟಡದ ಫೋಟೋ, ಅವರೇ ಮುಂದೆ ನಿಂತು ತೆಗೆಸಿದ್ದು. ಕೆಳಗೆ ಹೆಸರು, ವಯಸ್ಸು, ಔಷಧ. ಊರು, ಮಂಚದ ನಂಬರು ಬೇಕೆಂದರೆ ಇನ್ನೊಂದು ಪುಟ ತೆರೆಯಬೇಕು. ಅದು ತೆರೆಯುವಷ್ಟರಲ್ಲಿ ಚಾ ಕುಡಿದು ಬರಬಹುದಿತ್ತು. ಊರನ್ನು ಮೊದಲ ಪುಟಕ್ಕೇ ಹಾಕಿಸಿ ಎಂದು ಕೇಳಿದೆ.

"ಫೋಟೋ ಎಲ್ಲಿ ಹಾಕೂದು? ನಿನ್ನ ತಲೆ ಮೇಲಾ?" ಎಂದು ನಕ್ಕರು.

ಕಾಲು ಮುರಿದುಕೊಂಡ ಮನ್ಮನೆಯ ಯಜಮಾನರು ಒಂದು ಸಂಜೆ ಬಂದು ಸೇರಿದರು. ಸಕ್ಕರೆ ಕಾಯಿಲೆಯ ಬಿಳಗಿಯವರೊಬ್ಬರು ಅದೇ ವಾರ್ಡಿನಲ್ಲಿದ್ದರು. ಇಬ್ಬರದೂ ಒಂದೇ ಹೆಸರು, ಒಂದೇ ವಯಸ್ಸು. ಬೆಳಿಗ್ಗೆ ಡ್ಯೂಟಿಗೆ ಬಂದ ನನಗೆ ಇಬ್ಬರೂ ಹೊಸಬರು. ಪರದೆಯಲ್ಲಿ ಆ ಹೆಸರಿನ ಎದುರು ಇನ್ಸುಲಿನ್ ಎಂದು ಕಂಡಿತು. ಎರಡನೇ ಪುಟ ಎಷ್ಟು ಒತ್ತಿದರೂ ತೆರೆಯಲಿಲ್ಲ. ತಿಂಡಿಯ ಹೊತ್ತಾಗಿತ್ತು. ಹೆಸರಷ್ಟೇ ಹೇಳಿ ಕೇಳಿದೆ, ಮನ್ಮನೆಯವರು ಹೌದೆಂದರು, ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಅವರು ಬೆವತು ನಡುಗತೊಡಗಿದರು. ಗ್ಲೂಕೋಸ್ ಏರಿಸಿದ ಮೇಲೆ ಸುಧಾರಿಸಿಕೊಂಡರು.

ಮ್ಯಾನೇಜರು ವಾರ್ಡಿನ ನಡುವೆ ನಿಂತು, "ಕಂಪ್ಯೂಟರ್ ಸರೀ ಇದೆ. ಈ ಸಿಸ್ಟರಿಗೆ ಗಮನ ಇಲ್ಲೆ" ಎಂದರು. ಯಜಮಾನರು ಹೆಂಡತಿಗೆ, "ಯಂಗೆ ಆ ಸಿಸ್ಟರ್ ಬ್ಯಾಡ" ಎಂದದ್ದು ನನ್ನ ಕಿವಿಗೂ ಬಿತ್ತು. ಸುದ್ದಿ ಸಿದ್ದಾಪುರದ ಬಸ್ಸು ಹತ್ತಿ ಊರೂರು ಸುತ್ತಿತು. ನಾನು ಸೂಜಿ ಹಿಡಿದು ಹೋದರೆ ಬೇರೆಯವರಿಲ್ಲವೇ ಎಂದು ಕೇಳುವವರಾದರು. ಹಲ್ಲು ಕಚ್ಚಿಕೊಂಡು ಸಮಯ ಕಾದೆ.

ಮರುವರ್ಷ ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರು ಪರದೆಯನ್ನು ಹೊಸದಾಗಿ ಮಾಡಿಸಲು ಹುಬ್ಬಳ್ಳಿಯಿಂದ ಕಂಪ್ಯೂಟರ್ ಕೆಲಸದ ಹುಡುಗಿಯೊಬ್ಬಳನ್ನು ಕರೆಸಿದರು. "ನಿಮಗ ಏನೇನ್ ಬೇಕು ಹೇಳ್ರಿ ಅಕ್ಕಾರ" ಎಂದಳು.

"ಮೊದಲು ಆ ಫೋಟೋ ಕಿತ್ತು ಬಿಸಾಕು" ಎಂದೆ.

ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಊರು ಬಂತು, ಪಕ್ಕದಲ್ಲಿ ಮಂಚದ ನಂಬರು, ಕೆಳಗೆ ಹೆಸರು ಮತ್ತು ಔಷಧ. ಒಂದೇ ಹೆಸರಿನವರು ಇಬ್ಬರಿದ್ದರೆ ಸಾಲು ಕೆಂಪಾಗುತ್ತಿತ್ತು. ಹೊಸದನ್ನು ಎಲ್ಲರಿಗೂ ತೋರಿಸುವ ದಿನ ಹಳೆಯ ಪರದೆಯನ್ನೂ ತೆರೆದಿಡಲು ಅವಳಿಗೆ ಹೇಳಿದ್ದೆ. ಅದರಲ್ಲಿ ಹಿಂದಿನ ವರ್ಷದ ಆ ಇಬ್ಬರ ವಿವರವನ್ನೇ ತುಂಬಿಸಿದ್ದೆ.

ದೊಡ್ಡ ಡಾಕ್ಟರ ಎದುರಿಗೇ ಮ್ಯಾನೇಜರನ್ನು ಹಳೆಯ ಪರದೆಯ ಮುಂದಿನ ಕುರ್ಚಿಯಲ್ಲಿ ಕೂರಿಸಿ, "ಇನ್ಸುಲಿನ್ ಯಾವ ಮಂಚಕ್ಕೆ ಸರ್?" ಎಂದೆ. ಅವರು ಮೌಸ್ ಒತ್ತಿದರು. ಪುಟ ತೆರೆಯಲಿಲ್ಲ. "ಬೇಗ ಸರ್, ಪೇಶಂಟ್ ಕಾಯ್ತಾ ಇದ್ದಾರೆ." ಮತ್ತೆ ಒತ್ತಿದರು. ಕೊನೆಗೆ ಅಂದಾಜಿನ ಮೇಲೆ ಒಂದು ನಂಬರು ಹೇಳಿದರು. ಅದು ಮನ್ಮನೆಯವರದು.

"ಇದೆಂತ ಬರೀ ಆಟ. ಯಾರೂ ಸತ್ತಿದ್ದಿಲ್ಲೆ" ಎಂದರು.

"ನನ್ನ ಕೈಯಲ್ಲೂ ಯಾರೂ ಸತ್ತಿರಲಿಲ್ಲ ಸರ್."

ದೊಡ್ಡ ಡಾಕ್ಟರು ಸಾಕು ಬಿಡಿ ಎಂದರು. ನನಗೆ ಸಾಕಾಗಿರಲಿಲ್ಲ. ಕಾಲಿನ ಮೂಳೆಗೆ ಹಾಕಿದ್ದ ರಾಡು ತೆಗೆಸಲು ಮನ್ಮನೆಯ ಯಜಮಾನರು ಅದೇ ವಾರ ಬಂದು ಸೇರಿದ್ದರು. ಮ್ಯಾನೇಜರು ಅವರ ಮಂಚದ ಬಳಿ ಬಂದು ತಪ್ಪು ಯಾರದೆಂದು ಹೇಳದಿದ್ದರೆ ನಾಳೆಯಿಂದ ನಾನು ಡ್ಯೂಟಿಗೆ ಬರುವುದಿಲ್ಲ ಎಂದೆ. ಡಾಕ್ಟರು ಅವರನ್ನು ಕಳಿಸಿದರು.

ಮಂಚದ ಪಕ್ಕ ನಿಂತು ಮ್ಯಾನೇಜರು ಮೆಲ್ಲಗೆ, "ಆವತ್ತಿಂದು ಸಿಸ್ಟರ್ ತಪ್ಪಲ್ಲ. ಆನು ಹಾಕ್ಸಿದ ಕಂಪ್ಯೂಟರಿಂದು" ಎಂದರು.

"ಹಂಗಾರೆ ಆವತ್ತೇ ಎಂತಕ್ಕೆ ಹೇಳಿದ್ದಿಲ್ಲೆ ನೀನು?" ಯಜಮಾನರು ಕೇಳಿದರು. ಆಮೇಲೆ ಅಂಗಿಯ ತೋಳು ಮೇಲೇರಿಸಿ ನನ್ನ ಕಡೆ ಕೈ ಚಾಚಿದರು. "ಇಂಜೆಕ್ಷನ್ ಕೊಡು ತಂಗಿ."

ಮ್ಯಾನೇಜರು ಹೊರಡಲು ತಿರುಗಿದರು. "ಮುಗಿಯೂವರೆಗೆ ನಿಲ್ಲಿ ಸರ್" ಎಂದೆ. ನಿಂತರು. ಆವತ್ತು ಸಿರಿಂಜಿಗೆ ಔಷಧ ಎಳೆದುಕೊಳ್ಳಲು ನಾನು ಬೇಕಂತಲೇ ಹೊತ್ತು ಮಾಡಿದೆ.