ಕೂದಲು ನೇರ ಮಾಡುತ್ತಿದ್ದ ಆಶಾರಾಣಿ

ಜಂಗಮಕೋಟೆಯ ಚೆನ್ನರಾಯಪ್ಪನ ಮಗಳು ಆಶಾರಾಣಿ ಶಿಡ್ಲಘಟ್ಟದ ಬ್ಯೂಟಿ ಪಾರ್ಲರ್‌ಗೆ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು. ಪಿಯುಸಿ ಮುಗಿಸಿ ನಾಲ್ಕು ವರ್ಷ ಮನೆಯಲ್ಲೇ ಸೊಪ್ಪು ಕೊಯ್ದು ರೇಷ್ಮೆಹುಳಕ್ಕೆ ಹಾಕಿ ಬೇಸತ್ತಿದ್ದಳು. ಕೈ ಚುರುಕು. ಹುಬ್ಬು ತಿದ್ದುವುದನ್ನು ಒಂದೇ ವಾರದಲ್ಲಿ ಕಲಿತಳು. ಮೂರು ತಿಂಗಳಿಗೆ ಗಿರಾಕಿಗಳು ಮೆಟ್ಟಿಲು ಹತ್ತುತ್ತಲೇ "ಆಶಾ ಇದಾಳಾ?" ಎಂದು ಕೇಳತೊಡಗಿದರು.

ಪಾರ್ಲರ್ ಇದ್ದದ್ದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ನಡೆಸುತ್ತಿದ್ದವಳು ಶಾಂಭವಿ, ಮೇಷ್ಟ್ರೊಬ್ಬರ ಮಗಳು, ಬೆಂಗಳೂರಿನಲ್ಲಿ ಕೋರ್ಸ್ ಮಾಡಿ ಬಂದವಳು. ದನಿ ಎತ್ತಿ ಮಾತಾಡಿದವಳೇ ಅಲ್ಲ. "ಮೇಡಂ ಅನ್ಬೇಡ ಕಣೇ, ಅಕ್ಕ ಅನ್ನು," ಎಂದು ಮೊದಲ ದಿನವೇ ಹೇಳಿದ್ದಳು. ಆಶಾರಾಣಿಗೆ ಒಡಹುಟ್ಟಿದ ಅಕ್ಕ ಇರಲಿಲ್ಲ. ಆ ಮಾತು ಅವಳಿಗೆ ನಾಟಿತು.

ಎರಡನೇ ವರ್ಷ ಶಾಂಭವಿ ಒಳಕೋಣೆಗೆ ಎಸಿ ಹಾಕಿಸಿದಳು. ಇದ್ದ ಒಂದೇ ಕಿಟಕಿಗೆ ಪ್ಲೈವುಡ್ ಹೊಡೆಸಿ ಅದರ ಮೇಲೆ ಆಳೆತ್ತರದ ಕನ್ನಡಿ ನಿಲ್ಲಿಸಿದಳು. ಅಲ್ಲಿ ಕೂದಲು ನೇರ ಮಾಡುವ ಕೆಲಸ ಶುರುವಾಯಿತು. ಕೂದಲಿಗೆ ಬಾಟಲಿಯ ದ್ರವ ಹಚ್ಚಿ, ಒಣಗಿಸಿ, ಮೇಲೆ ಕಾದ ಸ್ಟ್ರೈಟ್ನರ್ ಎಳೆದರೆ ಬಿಳಿ ಹೊಗೆ ಏಳುತ್ತಿತ್ತು. ಮೊದಲ ತಲೆಗೇ ಆಶಾರಾಣಿಗೆ ಆ ಘಾಟಿನ ಗುರುತು ಸಿಕ್ಕಿತು.

"ಅಕ್ಕ, ಇದು ಫಾರ್ಮಲಿನ್ ವಾಸನೆ. ನಮ್ಮನೇಲಿ ಹುಳದ ಮನೆಗೆ ಹೊಡೀತಾರಲ್ಲ, ಅದೇ."

ಶಾಂಭವಿ ನಕ್ಕಳು. ಕುರ್ಚಿಯಲ್ಲಿದ್ದ ಹೆಂಗಸಿಗೆ, "ನೋಡಿ, ನಮ್ಮ ಆಶಾ ನಿಮ್ಮ ತಲೇನ ಹುಳದ ಮನೆ ಮಾಡ್ಬಿಟ್ಲು," ಎಂದಳು. ಅವಳೂ ನಕ್ಕಳು. ಅವಳು ಎದ್ದು ಹೋದ ಮೇಲೆ ಶಾಂಭವಿ ಬಾಗಿಲು ಹಾಕಿ, ಅದೇ ಮೆಲುದನಿಯಲ್ಲಿ, "ಇನ್ನೊಂದ್ಸಲ ಕಸ್ಟಮರ್ ಮುಂದೆ ಆ ಹೆಸರು ಎತ್ತಿದ್ರೆ ಊರಿಗೆ ಹೋಗಿ ಸೊಪ್ಪೇ ಕೊಯ್ತಾ ಇರ್ಬೇಕಾಗುತ್ತೆ ಪುಟ್ಟಾ," ಎಂದಳು.

ಆಶಾರಾಣಿಯ ಮೂಗು ತಪ್ಪು ಹೇಳಿರಲಿಲ್ಲ. ಒಂದು ಬೆಳೆ ಮುಗಿದು ಗೂಡು ಮಾರಿದ ಮೇಲೆ ಚೆನ್ನರಾಯಪ್ಪ ಮೂಗಿಗೆ ಒದ್ದೆ ಟವೆಲ್ ಬಿಗಿದುಕೊಂಡು ರೋಗಾಣು ಸಾಯಲೆಂದು ಹುಳದ ಮನೆಗೆ ಫಾರ್ಮಲಿನ್ ಹೊಡೆಯುತ್ತಿದ್ದ. ಹೊಡೆದು ಬಾಗಿಲು ಹಾಕಿ ಓಡಿ ಬರುತ್ತಿದ್ದ. ಇಡೀ ದಿನ ಆ ಕಡೆ ಯಾರೂ ಸುಳಿಯುವಂತಿರಲಿಲ್ಲ. ಆಮೇಲೆ ಕಿಟಕಿ ಬಾಗಿಲು ತೆರೆದಿಟ್ಟು, ಗಾಳಿಯಾಡಿ, ಘಾಟು ಪೂರಾ ಹೋದ ಮೇಲೆಯೇ ಹುಳ ಒಳಕ್ಕೆ. ಅವನ ಮಗಳು ಅಂಥದೇ ಘಾಟಿನಲ್ಲಿ ದಿನಕ್ಕೆ ಐದಾರು ಗಂಟೆ ನಿಲ್ಲತೊಡಗಿದಳು.

ಗಿರಾಕಿಗೆ ಮಾಸ್ಕ್ ಕೊಡುತ್ತಿದ್ದರು, ಮುಖದ ಹತ್ತಿರ ಪುಟ್ಟ ಫ್ಯಾನ್ ಇಡುತ್ತಿದ್ದರು. ಫ್ಯಾನು ಹೊಗೆಯನ್ನೆಲ್ಲ ಹಿಂದೆ ನಿಂತವಳ ಮುಖಕ್ಕೆ ತಳ್ಳುತ್ತಿತ್ತು. ತನಗೂ ಒಂದು ಮಾಸ್ಕ್ ಕೇಳಿದಾಗ ಶಾಂಭವಿ, "ನೀನೂ ಮುಖ ಮುಚ್ಕೊಂಡು ನಿಂತ್ರೆ ಅವರಿಗೆ ಭಯ ಆಗಲ್ವಾ? ನಗ್ತಾ ಇರ್ಬೇಕು ಕಣೇ," ಎಂದಳು.

ಸಂಜೆ ಊರಿಗೆ ಬಂದರೆ ತಾಯಿ ರಾಮಲಕ್ಷ್ಮಮ್ಮ ಬಾಗಿಲಲ್ಲೇ ತಡೆಯುತ್ತಿದ್ದಳು. "ಆ ಘಾಟು ಇಟ್ಕೊಂಡು ಒಳಗೆ ಬರ್ಬೇಡ. ಹುಳ ಸತ್ತೋಗ್ತವೆ." ಚಳಿಗಾಲದಲ್ಲೂ ಹೊರಗಿನ ನಲ್ಲಿಯಲ್ಲಿ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿದ ಮೇಲೆಯೇ ಒಳಗೆ. ಹುಳಕ್ಕೇನಾದರೂ ಆದೀತು ಎಂಬ ಭಯ ಮನೆಯಲ್ಲಿ ಎಲ್ಲರಿಗೂ ಇತ್ತು. ಆಶಾರಾಣಿಗೂ ಇತ್ತು.

ಮೊದಲು ಕಣ್ಣುರಿ. ಆಮೇಲೆ ಒಣಕೆಮ್ಮು. ಮೂರನೇ ವರ್ಷಕ್ಕೆ ಪಾರ್ಲರ್‌ನ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲಬೇಕಾಯಿತು. ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಎಂದು ಕೇಳಿದಳು.

"ಕನ್ನಡಿ ತೆಗೀಬೇಕಾಗುತ್ತೆ. ಎಲ್ರೂ ಸೆಲ್ಫಿ ತಗೊಳ್ಳೋದೇ ಅಲ್ಲಿ," ಎಂದಳು ಶಾಂಭವಿ.

ಮುಂದಿನ ವರ್ಷವೂ ಕೇಳಿದಳು. ಅದರ ಮುಂದಿನ ವರ್ಷವೂ. ಅಷ್ಟರಲ್ಲಿ ಎರಡು ಸಲ ಗಂಡಿನ ಕಡೆಯವರು ಬಂದು, ಕಾಫಿ ತಂದುಕೊಟ್ಟ ಹುಡುಗಿಯ ಕೆಮ್ಮು ಕೇಳಿ, ಊರಿಗೆ ಹೋಗಿ ತಿಳಿಸ್ತೀವಿ ಎಂದು ಎದ್ದು ಹೋದರು. ಅವಳಿಗೆ ಟಿಬಿ ಎಂದು ಊರಲ್ಲಿ ಸುದ್ದಿಯಾಯಿತು.

ಒಂದು ಶನಿವಾರ ಬ್ಯಾಂಕ್ ಮ್ಯಾನೇಜರ್ ಹೆಂಡತಿ ಟ್ರೀಟ್‌ಮೆಂಟ್ ನಡುವೆ ಕಣ್ಣುಜ್ಜಿಕೊಂಡು ಎದ್ದು ನಿಂತಳು. "ಏನ್ರೀ ಇದು, ಉಸಿರು ಕಟ್ಟುತ್ತೆ! ನಮ್ಮ ಗ್ರೂಪಲ್ಲಿ ಎಲ್ರಿಗೂ ಹೇಳ್ತೀನಿ." ಸೋಮವಾರ ಮಧ್ಯಾಹ್ನದೊಳಗೆ ಗೋಡೆ ಕೊರೆದು ಫ್ಯಾನ್ ಕೂರಿಸಿ ಆಗಿತ್ತು. ಎಲೆಕ್ಟ್ರಿಷಿಯನ್ ಹತ್ತಿದ್ದ ಏಣಿಯನ್ನು ಹಿಡಿದುಕೊಂಡು ನಿಂತವಳು ಆಶಾರಾಣಿ. ಕನ್ನಡಿಯನ್ನೇನೂ ತೆಗೆಯಬೇಕಾಗಿ ಬರಲಿಲ್ಲ. ಪಕ್ಕದಲ್ಲೇ ಬೇಕಾದಷ್ಟು ಜಾಗವಿತ್ತು.

ಫ್ಯಾನ್ ಗರಗರ ಸದ್ದು ಮಾಡುತ್ತಿತ್ತು. ಗಿರಾಕಿ ಕೇಳಿದರೆ ಮಾತ್ರ ಹಾಕು ಎಂದು ಶಾಂಭವಿ ಅಪ್ಪಣೆ ಮಾಡಿದಳು. ಯಾರೂ ಕೇಳುತ್ತಿರಲಿಲ್ಲ.

ಏಳನೇ ವರ್ಷದ ಮದುವೆ ಸೀಸನ್‌ನಲ್ಲಿ ಆದದ್ದು ಇಷ್ಟು. ಚಿಂತಾಮಣಿಯಿಂದ ಬಂದಿದ್ದ ಮದುಮಗಳ ಕೂದಲು ನೇರ ಮಾಡುತ್ತಿದ್ದಾಗ ಆಶಾರಾಣಿಗೆ ಕೆಮ್ಮು ಒತ್ತರಿಸಿ ಬಂತು. ತಡೆಯಲು ಹೋಗಿ ಮೈ ಅದುರಿ, ಕಾದ ಸ್ಟ್ರೈಟ್ನರ್ ಹುಡುಗಿಯ ಕಿವಿಗೆ ತಗುಲಿತು. ಹುಡುಗಿ ಕಿರುಚಿದಳು. ಅವಳ ತಾಯಿ ಆಶಾರಾಣಿಯ ಕೆನ್ನೆಗೆ ಬಾರಿಸಿದಳು. ಶಾಂಭವಿ ತಡೆಯಲಿಲ್ಲ. ಮಂಜುಗಡ್ಡೆ ತರಿಸಿ, ಮದುಮಗಳ ಕಿವಿಗೆ ಒತ್ತುತ್ತ, "ಇವಳನ್ನ ಇವತ್ತೇ ಬಿಡಿಸ್ತೀನಿ ಆಂಟಿ, ನೀವು ಬೇಜಾರ್ ಮಾಡ್ಕೋಬೇಡಿ," ಎಂದಳು. ಆಶಾರಾಣಿ ಏದುಸಿರು ಬಿಡುತ್ತ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಚಪ್ಪಲಿ, ಊಟದ ಡಬ್ಬಿ ಹೊರಗೆ ಬಂದವು.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೊಳವೆಯೊಳಗೆ ಊದಿಸಿ, ಕಾಗದ ನೋಡಿ, ಏನು ಕೆಲಸ ಮಾಡ್ತಿದ್ದೆ ಎಂದು ಕೇಳಿದಳು. ಎಲ್ಲ ಹೇಳಿದ ಮೇಲೆ, "ಇನ್ನು ಆ ಹೊಗೆ ಹತ್ರ ಹೋಗ್ಬೇಡಮ್ಮ," ಎಂದಳು.

"ಹೋಗ್ದಿದ್ರೆ ಮೊದಲಿನ ಹಂಗೆ ಆಗುತ್ತಾ ಮೇಡಂ?"

"ಇನ್ನೂ ಕೆಡೋದು ತಪ್ಪಬಹುದು," ಎಂದಳು ಡಾಕ್ಟರಮ್ಮ. ಕೆಲಸದಿಂದಲೇ ಬಂದ ಕಾಯಿಲೆ ಎಂದು ಬರೆದುಕೊಡುತ್ತೇನೆ, ಪಾರ್ಲರ್‌ನಿಂದ ಒಂದು ಪತ್ರ ತಂದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು ಎಂದೂ ಹೇಳಿದಳು.

ಆಶಾರಾಣಿ ಪಾರ್ಲರ್‌ಗೆ ಹೋದಳು. ಶಾಂಭವಿ ಅವಳನ್ನು ಪ್ರೀತಿಯಿಂದಲೇ ಕೂರಿಸಿ ನೀರು ಕೊಟ್ಟಳು.

"ಕೆಲಸಕ್ಕಿದ್ದೆ ಅಂತ ಹೆಂಗೆ ಬರೀಲಿ ಆಶಾ? ನೀನು ಕಲಿಯೋಕೆ ಬಂದವಳು."

"ಏಳು ವರ್ಷಾನಾ ಅಕ್ಕ?"

"ಎಲ್ರಿಗೂ ಬೇಗ ಬರಲ್ಲ ಕಣೇ," ಎಂದಳು ಶಾಂಭವಿ. "ಮದುಮಗಳ ಕಿವಿ ಸುಟ್ಟೆಯಲ್ಲ, ನೀನೇ ನೋಡ್ಕೊ."

ಅವಳು ಅಲ್ಲಿ ಕೆಲಸ ಮಾಡಿದ್ದಳು ಎನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಹಳೆಯ ಗಿರಾಕಿಗಳಲ್ಲಿ ಒಬ್ಬಿಬ್ಬರನ್ನು ಸಾಕ್ಷಿ ಹೇಳಿ ಎಂದು ಕೇಳಿದಳು. ಒಬ್ಬಳು ಫೋನ್ ಇಟ್ಟುಬಿಟ್ಟಳು. ಇನ್ನೊಬ್ಬಳು, "ಅಯ್ಯೋ ಪಾಪ. ಈಗ ಥ್ರೆಡಿಂಗ್‌ಗೆ ಅಲ್ಲಿ ಯಾರ ಹತ್ರ ಹೋಗ್ಲಿ?" ಎಂದು ಅವಳನ್ನೇ ಕೇಳಿದಳು.

ಒಳಕೋಣೆಗೆ ಹೊಸ ಹುಡುಗಿ ಬಂದಿದ್ದಾಳೆ ಎಂದು ತಿಳಿದು ಆಶಾರಾಣಿ ಒಂದು ಸಂಜೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಕಾದಳು. ಹತ್ತೊಂಬತ್ತಿಪ್ಪತ್ತರ ಹುಡುಗಿ; ಕಣ್ಣು ಆಗಲೇ ಕೆಂಪಾಗಿತ್ತು. ಆಶಾರಾಣಿ ಅವಳನ್ನು ಪಕ್ಕಕ್ಕೆ ಕರೆದು, ಮಾತಿನ ನಡುವೆ ನಿಂತು ನಿಂತು ಉಸಿರೆಳೆದುಕೊಳ್ಳುತ್ತ, ಎಲ್ಲವನ್ನೂ ಹೇಳಿದಳು. ಫ್ಯಾನ್ ಸ್ವಿಚ್ ಎಲ್ಲಿದೆ ಎಂದು ಹೇಳಿದಳು. ಬ್ಯಾಗಿನಿಂದ ಮಾಸ್ಕ್ ತೆಗೆದು ಕೊಡಲು ಹೋದಳು.

ಹುಡುಗಿ ಎಲ್ಲಕ್ಕೂ ಹೂಂ, ಹೂಂ ಎನ್ನುತ್ತಿದ್ದಳು. ಆದರೆ ಕೈ ಚಾಚಲಿಲ್ಲ.

"ತಗೋ ಮರಿ."

"ನೀವು ಬರ್ತೀರ ಅಂತ ಅಕ್ಕ ಮೊದಲೇ ಹೇಳಿದ್ರು," ಎಂದಳು ಹುಡುಗಿ. "ಕಾಯಿಲೆಯವರು, ಏನೇ ಹೇಳಿದ್ರೂ ಹೂಂ ಅನ್ನು, ಏನ್ ಕೊಟ್ರೂ ಮುಟ್ಬೇಡ ಅಂದ್ರು."

ಬಸ್ ಬಂತು. ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, ಆಶಾರಾಣಿಯಿಂದ ದೂರ ಸರಿದು, ಹಿಂದಿನ ಬಾಗಿಲಿನಿಂದ ಹತ್ತಿದಳು.