ನೀರು ಇಳಿಯುವ ತನಕ

ಹೊಳಲ್ಕೆರೆಯ ಸಂತೆಯಿಂದ ತಂದ ಉಪ್ಪಿನ ಚೀಲ ಮಳೆಗೆ ನೆಂದಿತ್ತು. ಆಳು ಅದನ್ನು ಪಡಸಾಲೆಯಲ್ಲಿ ಇಳಿಸಿದ ಕೂಡಲೇ ಹಸಿ ವಾಸನೆ ಮನೆಯೆಲ್ಲ ತುಂಬಿತು. ನನಗೆ ಚಿಕ್ಕವ್ವ ನೆನಪಾದಳು… ನನ್ನ ತಾಯಿ ತೀರಿಕೊಂಡಾಗ ನಾನು ಇನ್ನೂ ತೊಟ್ಟಿಲಲ್ಲಿದ್ದೆ. ತಾಯಿಯ ಈ ತಂಗಿ, ಆಗಲೇ ಗಂಡನನ್ನು ಕಳೆದುಕೊಂಡವಳು, ಬಂದು ನನ್ನನ್ನು ಸಾಕಿದಳು. ಅಂಥ ಇನ್ನೊಬ್ಬ ಹಠಮಾರಿಯನ್ನು ನಾನು ಕಾಣೆ.

ಅವಳ ಅಜ್ಜ ಎತ್ತುಗಳ ಮೇಲೆ ಬಟ್ಟೆ ಹೇರಿಕೊಂಡು ಘಟ್ಟ ಇಳಿದು, ಹೊನ್ನಾವರದಿಂದ ಉಪ್ಪು ತರುತ್ತಿದ್ದನಂತೆ. ಸಾಯುವುದರೊಳಗೆ ಆ ಊರನ್ನು ನೋಡಬೇಕೆಂದು ವರ್ಷಗಟ್ಟಲೆ ನನ್ನ ತಲೆ ತಿಂದಳು. ಕೊನೆಗೆ ಶಿವಮೊಗ್ಗೆಯ ತನಕ ರೈಲು, ಆಮೇಲೆ ಬಾಡಿಗೆ ಗಾಡಿ. ಮಹಾರಾಜರ ಸೀಮೆ ದಾಟಿ ಇಂಗ್ರೇಜಿಯವರ ಸೀಮೆಗೆ ಇಳಿದೆವು. ಗೇರುಸೊಪ್ಪೆಯಲ್ಲಿ, ಹೊಳೆಯ ಮೇಲೆ ನಮ್ಮನ್ನು ಹೊನ್ನಾವರಕ್ಕೆ ಒಯ್ಯಬೇಕಿದ್ದ ದೋಣಿಯವನು ಕಾಡಿನೊಳಗಿನ ನಾಲ್ಕು ಬಾಗಿಲ ಬಸದಿಯನ್ನು ತೋರಿಸಿದ. ಒಂದು ಕಾಲಕ್ಕೆ ಇಲ್ಲಿ ದೊಡ್ಡ ಪಟ್ಟಣವಿತ್ತು, ಇಲ್ಲಿನ ಮೆಣಸಿಗಾಗಿ ಪರಂಗಿಯವರ ಹಡಗುಗಳು ಬರುತ್ತಿದ್ದವು ಎಂದ. ಈಗ ಸುತ್ತ ಬರೀ ಪೊದೆ, ಬಿದ್ದ ಕಲ್ಲು.

"ಇಷ್ಟು ಮಂದಿ ದೇವರನ್ನ ಬಿಟ್ಟು ಹೆಂಗೆ ಹೋದ್ರಪ್ಪ?" ಎಂದಳು ಚಿಕ್ಕವ್ವ. ಅವನು ದೋಣಿಗೆ ಮರಳಿ ಹುಟ್ಟು ಕೈಗೆತ್ತಿಕೊಂಡ.

ಮರುದಿನ ಹೊನ್ನಾವರದ ಕಡಲ ದಂಡೆಯಲ್ಲಿ ಬೆಳಗಾಗುತ್ತಿದ್ದಂತೆ ನೀರಿಗಿಳಿದಳು. ನಮ್ಮೂರ ಕೆರೆಯಲ್ಲಿ ಮಾಡುತ್ತಿದ್ದಂತೆಯೇ ಮಿಂದು, ಸೊಂಟದುದ್ದ ನೀರಿನಲ್ಲಿ ನಿಂತು, ಹುಟ್ಟಿದಾಗ ಗುರು ಕಟ್ಟಿದ್ದ ಲಿಂಗವನ್ನು ಕೊರಳಿನಿಂದ ಬಿಚ್ಚಿ ಎಡಗೈಯಲ್ಲಿಟ್ಟುಕೊಂಡು, ಸೂರ್ಯ ಹುಟ್ಟುವ ಕಡೆಗೆ ತಿರುಗಿದಳು. ಅಲ್ಲಿ ಸೂರ್ಯ ಹುಟ್ಟುವುದು ನೆಲದ ಕಡೆ. ಬರೀ ಕೆರೆ ನೋಡಿದ ನಮಗೆ, ಸಮುದ್ರಕ್ಕೆ ಬೆನ್ನು ಕೊಡಬಾರದೆಂದು ಎಲ್ಲಿ ಗೊತ್ತು? ಹಿಂದಿನಿಂದ ಬಂದ ಅಲೆಯೊಂದು ಅವಳನ್ನು ಕೆಡವಿತು. ಎದ್ದಾಗ ಅಂಗೈ ಬರಿದಾಗಿತ್ತು.

ನಮ್ಮಲ್ಲಿ ಲಿಂಗ ಕಳೆದುಕೊಂಡವರು ಒಂದು ಗುಟುಕು ನೀರನ್ನೂ ಮುಟ್ಟುವಂತಿಲ್ಲ. ಬೆಸ್ತರು ಮುಳುಗಿ ಮುಳುಗಿ ಹುಡುಕಿದರು. "ನೀರು ಇಳಿದ ಮೇಲೆ ಸಿಕ್ಕಿದರೂ ಸಿಕ್ತದೆ ಅಮ್ಮಾ," ಎಂದ ಒಬ್ಬ ಮುದುಕ. ಅಷ್ಟು ಸಾಕಾಯಿತು. ಅವಳು ಮರಳಿನ ಮೇಲೆ ಕೂತುಬಿಟ್ಟಳು. ನೀರು ಇಳಿಯಿತು, ಏರಿತು, ಮತ್ತೆ ಇಳಿಯಿತು… ಮರುದಿನ ಬೆಳಿಗ್ಗೆ ಅವಳ ತುಟಿ ಒಡೆದಿತ್ತು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಘಟ್ಟ ಹತ್ತಿ ಸಾಗರದ ಮಠಕ್ಕೆ ಹೋಗಾಣ, ಏಳು. ಸ್ವಾಮಿಗಳು ಬೇರೆ ಕಟ್ತಾರೆ," ಎಂದೆ.

"ನಿಮ್ಮವ್ವ ಸತ್ರೆ ಬೇರೆ ಅವ್ವನ್ನ ತರ್ತೀಯೇನಲೇ?"

"ತಂದ್ರಲ್ಲ, ನಿನ್ನ!"

ಎಬ್ಬಿಸು ಎಂಬಂತೆ ಕೈ ಚಾಚಿದಳು.

ಮಠ ಮುಟ್ಟುವಷ್ಟರಲ್ಲಿ ಬಾಯಾರಿ ಅವಳ ಮಾತು ನಿಂತಿತ್ತು. ಹೊಸ ಲಿಂಗ ಕಟ್ಟಿಸಿಕೊಂಡು, ಪಾದೋದಕ ಕುಡಿದು ಬದುಕಿಕೊಂಡಳು. ಆದರೆ ಮೊದಲಿನ ಚಿಕ್ಕವ್ವನಾಗಲಿಲ್ಲ. ಪೂಜೆಗೆ ಕೂತರೆ, ಯಾರದೋ ಕೂಸನ್ನು ಎತ್ತಿಕೊಂಡವಳಂತೆ ಅಂಗೈ ನೋಡುತ್ತ ಹಿಂಜರಿಯುತ್ತಿದ್ದಳು. ಅವಳನ್ನು ಎಬ್ಬಿಸಿಕೊಂಡು ಬಂದದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತಿಳಿಯದು.

ಕಡೆಯ ಜ್ವರದಲ್ಲಿ ನನ್ನ ಕೈ ಹಿಡಿದು, "ನೀರು ಇಳೀತೇನಪ್ಪಾ?" ಎಂದಳು. ಇಳಿಯಿತು ಎಂದರೆ ಎದ್ದು ಹೊರಟೇಬಿಡುತ್ತಾಳೆ ಎನ್ನಿಸಿತು.

"ಇಲ್ಲ ಚಿಕ್ಕವ್ವ, ಇನ್ನೂ ಇಳಿದಿಲ್ಲ. ಇರು," ಎಂದೆ.

ಅವಳು ಕಾಯಲಿಲ್ಲ… ಎಷ್ಟೋ ವರ್ಷವಾಯಿತು. ಈಗ ನನ್ನನ್ನು ಲೇ ಎಂದು ಕರೆಯುವವರು ಈ ಮನೆಯಲ್ಲಿ ಯಾರೂ ಇಲ್ಲ.