ಕಣದ ಮೇಲಿನ ಕ್ಷುದ್ರಗ್ರಹಗಳು

ಜೋಳವನ್ನು ನಮ್ಮ ಮನೆಯಲ್ಲಿ ಇನ್ನೂ ಎತ್ತುಗಳೇ ತುಳಿಯುತ್ತಿದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಸಹಳ್ಳಿ ಕಡೆಯ ಬಹಳಷ್ಟು ಜನ ಆಗಲೇ ತೆನೆಯನ್ನು ಡಾಂಬರು ರಸ್ತೆಗೆ ಹರವಿ, ಬಸ್ಸು ಲಾರಿಗಳ ಗಾಲಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದರು. ನಮ್ಮ ತಾತ ಮಾತ್ರ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ರಸ್ತೆಯ ಜೋಳದ ರೊಟ್ಟಿ ಡೀಸೆಲ್ ನಾರುತ್ತದೆ ಎಂಬುದು ಅವನ ವಾದ. ನನಗೆ ಯಾವತ್ತೂ ನಾರಲಿಲ್ಲ. ಆದರೂ ತಾತ ಹೇಳಿದ ಮೇಲೆ ನಾರಲೇಬೇಕು ಎಂದು ಗೆಳತಿಯರ ಮನೆಯ ರೊಟ್ಟಿಯನ್ನು ಮೂಸಿ ಮೂಸಿ ತಿನ್ನುತ್ತಿದ್ದೆ.

ಸಂಕ್ರಾಂತಿ ಕಳೆದರೆ ಸುಗ್ಗಿ. ಸಗಣಿ ಸಾರಿಸಿದ ಕಣದ ನಡುವೆ ಮೇಟಿ ಕಂಬ. ಆರು ಎತ್ತುಗಳನ್ನು ಒಂದರ ಪಕ್ಕ ಒಂದು ಒಂದೇ ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಮೇಟಿಗೆ ಬಿಗಿದು, ತೆನೆಯ ಮೇಲೆ ಸುತ್ತಿಸುವುದೇ ಹಂತಿ. ಹೊಟ್ಟಿನ ದೂಳಿಗೆ ಮೈಯೆಲ್ಲ ನವೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಪುಂಡಿಪಲ್ಯದ ಹುಳಿ ವಾಸನೆ. ಎತ್ತುಗಳ ಹಿಂದೆ ನಡೆಯುತ್ತಾ ತಾತ ನನಗೆ ಪಾಠ ಹೇಳುತ್ತಿದ್ದ.

"ಮೇಟಿ ಹತ್ರ ಮುದಿ ಎತ್ತು ಕಟ್ಟಬೇಕವ್ವ, ಅದು ನಿಂತಲ್ಲೇ ತಿರುಗಿದ್ರ ಸಾಕು. ಹೊರಗ ಹೋರಿ ಕಟ್ಟಬೇಕು. ಹೊರಗಿನದು ಓಡ್ಲಿಲ್ಲಂದ್ರ ಹಂತಿ ಕೆಡ್ತೈತಿ."

ಆ ವರ್ಷ ನಾನು ಏಳನೇ ಕ್ಲಾಸು. ವಿಜ್ಞಾನಕ್ಕೆ ಹರಪನಹಳ್ಳಿಯ ಸುಮಂಗಲಾ ಟೀಚರ್ ಹೊಸದಾಗಿ ಬಂದಿದ್ದರು. ಕೂಡ್ಲಿಗಿಯಿಂದ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು, ಮಕ್ಕಳನ್ನೇ ನಿಲ್ಲಿಸಿ ಸೌರವ್ಯೂಹ ತೋರಿಸಲು ಹೊರಟರು. ಶಾಲೆಯ ಅಂಗಳದಲ್ಲಿ ಬರೀ ಕಲ್ಲು. ನಮ್ಮ ಕಣ ದುಂಡಗಿತ್ತು, ನುಣುಪಾಗಿತ್ತು, ನಡುವೆ ಕಂಬವೂ ಇತ್ತು. ಟೀಚರ್ ಮನೆಗೇ ಬಂದು ಕೇಳಿದಾಗ ತಾತ ಹಿಗ್ಗಿಹೋದ.

"ಜ್ವಾಳ ತುಳಿಸೋದು ಮುಗದೈತ್ರಿ ಟೀಚರ್. ನಿಮ್ಮ ಹುಡುಗ್ರನ್ನ ಕರ್ಕೊಂಡು ಬರ್ರಿ" ಅಂದ.

ಮೇಟಿಗೆ ಹಳದಿ ಬಟ್ಟೆ ಸುತ್ತಿ ಸೂರ್ಯನನ್ನು ಮಾಡಿದೆವು. ಓದಿನಲ್ಲಿ ಮುಂದಿದ್ದವರು ಗ್ರಹಗಳಾದರು. ಮಂಗಳಕ್ಕೂ ಗುರುವಿಗೂ ನಡುವೆ ನಾವು ಎಂಟು ಜನ ಕ್ಷುದ್ರಗ್ರಹಗಳು. ಗ್ರಹವಾಗಿ ಕೂಡಿಕೊಳ್ಳಲಾರದೆ ಉಳಿದ ಬಂಡೆಗಳು ಎಂದು ಟೀಚರ್ ವಿವರಿಸಿದರು. ಗ್ರಹಗಳಿಗೆ ಬಣ್ಣದ ಕಾಗದದ ಟೋಪಿ, ನಮಗೆ ಬೂದಿ ಬಳಿದ ಗೋಣಿಚೀಲ. ಕ್ಷುದ್ರಗ್ರಹಗಳು ಬಹುಪಾಲು ಕಪ್ಪಂತೆ, ಆಲೂಗಡ್ಡೆಯ ಹಾಗೆ ಅಂಕುಡೊಂಕಂತೆ. ಎಲ್ಲರಿಗಿಂತ ದಪ್ಪಗಿದ್ದ ನಾನು ಅವುಗಳಲ್ಲಿ ದೊಡ್ಡದಾದ ಸೀರಿಸ್. ಅದೊಂದು ಮಾತ್ರ ದುಂಡಗಿರುತ್ತದೆಂದು ನನ್ನ ಚೀಲಕ್ಕೆ ಹೊಟ್ಟು ತುಂಬಿದರು. ಎಷ್ಟೋ ವರ್ಷಗಳ ಮೇಲೆ ವಿಜ್ಞಾನಿಗಳು ಅದನ್ನೂ ಕುಬ್ಜಗ್ರಹ ಅಂತ ಬೇರೆ ಪಟ್ಟಿಗೆ ಸೇರಿಸಿದರು; ನನಗೋ ಮೊದಲ ಪಟ್ಟಿಯೇ ಇನ್ನೂ ಅರಗಿರಲಿಲ್ಲ. ತಮ್ಮ ಸುತ್ತ ತಾವೇ ತಿರುಗುತ್ತಾ ಸೂರ್ಯನನ್ನೂ ಸುತ್ತಬೇಕಿದ್ದರಿಂದ, ತಾಲೀಮಿನ ಮೊದಲ ದಿನವೇ ಎರಡು ಕ್ಷುದ್ರಗ್ರಹಗಳು ವಾಂತಿ ಮಾಡಿಕೊಂಡವು.

"ಬುಧ ಓಡಬೇಕು. ಸೂರ್ಯನಿಂದ ದೂರ ಹೋದಷ್ಟೂ ನಿಧಾನ" ಎಂದರು ಟೀಚರ್. "ಭೂಮಿ ನಾಲ್ಕೂವರೆ ಸುತ್ತು ಹಾಕೋದ್ರಾಗೆ ಸೀರಿಸ್‌ದು ಒಂದೇ ಸುತ್ತು."

ಅಂಚಿನಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತಿದ್ದ ತಾತ ಎದ್ದು ನಿಂತ. "ಟೀಚರ್, ಉಲ್ಟಾ ಹೇಳಾಕತ್ತೀರಿ. ಹೊರಗಿನವ್ರು ಓಡಬೇಕು."

"ಇಲ್ಲ ಅಜ್ಜಾರೇ, ಆಕಾಶದಾಗೆ ಹಿಂಗೇ."

"ಆಕಾಶದಾಗಾದ್ರೇನ್ರಿ, ಸುತ್ತೋದು ಸುತ್ತೋದೇ ಅಲ್ಲೇನು?"

ಟೀಚರ್ ನಕ್ಕು ಮುಂದಕ್ಕೆ ಹೋದರು. ನನಗೆ ಮಾತ್ರ ತಲೆ ಕೆಟ್ಟಿತು. ಆ ಕಣದಲ್ಲಿ ತಾತನ ಮಾತು ತಪ್ಪಾದದ್ದನ್ನು ನಾನು ಕಂಡಿರಲಿಲ್ಲ. ಪುಸ್ತಕದ ಮಾತು ಸುಳ್ಳಾದದ್ದನ್ನೂ ಕಂಡಿರಲಿಲ್ಲ. ಮನೆಯಲ್ಲಿ ತಾತ, "ನೀ ಓಡವ್ವ. ಮಂದಿ ಮುಂದ ನಮ್ಮ ಕಣದ ಮರ್ಯಾದಿ ಹೋಗ್ತೈತಿ" ಅನ್ನುತ್ತಿದ್ದ. ಹೂಂ ಅನ್ನುತ್ತಿದ್ದೆ. ಶಾಲೆಯಲ್ಲಿ ಟೀಚರ್ ನಿಧಾನ ಅಂದರೆ ಅದಕ್ಕೂ ಹೂಂ. ಅತ್ತ ದರಿ, ಇತ್ತ ಪುಲಿ.

ಸಾಹೇಬರು ಬಂದ ದಿನ ಊರಿಗೆ ಊರೇ ಕಣದ ಸುತ್ತ ಸೇರಿತ್ತು. ಸಾಹೇಬರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಕುರ್ಚಿಯಲ್ಲಿ ಕುಳಿತರು. ಸೀಟಿ ಊದಿದ್ದೇ ಬುಧ ಓಡಿದ. ನಾನು ತಿರುಗುತ್ತಾ ನಿಧಾನಕ್ಕೆ ಹೊರಟೆ.

"ಓಡು ಯವ್ವ, ಓಡು" ಎಂದ ತಾತ, ಅಂಚಿನಿಂದ.

ನಾಲ್ಕು ಹೆಜ್ಜೆ ಓಡಿದೆ. ಟೀಚರ್ ಮುಖ ಕಂಡು ಗಕ್ಕನೆ ನಿಂತೆ. ಹಿಂದಿನ ಕ್ಷುದ್ರಗ್ರಹ ಬಂದು ಗುದ್ದಿತು. ಚೀಲ ಹರಿದು ಹೊಟ್ಟೆಲ್ಲ ಕಣಕ್ಕೆ ಸುರಿಯಿತು. ಜನ ನಕ್ಕರು, ಸಾಹೇಬರೂ ನಕ್ಕರು. ನಾಚಿಕೆಗೆ ಕಣ್ಣು ಕತ್ತಲಿಟ್ಟು, ಅಷ್ಟೂ ಜನರ ಮುಂದೆ ತಾತನ ಕಡೆ ತಿರುಗಿ ಅಂದುಬಿಟ್ಟೆ:

"ನಿನಗ ತಿಳಿಯಂಗಿಲ್ಲ ತಾತ. ಸುಮ್ನ ಕುಂದ್ರು."

ತಾತ ಕುಳಿತ. ನಾನು ನನ್ನ ಒಂದು ಸುತ್ತನ್ನು ನಿಧಾನವಾಗಿ ಮುಗಿಸಿದೆ. ಟೀಚರ್ ಬೆನ್ನು ತಟ್ಟಿದರು.

ಸಂಜೆ ತಾತ ಒಬ್ಬನೇ ಕಣದ ಹೊಟ್ಟು ಗುಡಿಸುತ್ತಿದ್ದ. ನನ್ನನ್ನು ಕಂಡು, "ಅಲ್ಲಿ ಅವನ್ನ ಒಂದಕ್ಕೊಂದು ಹಗ್ಗ ಹಾಕಿ ಕಟ್ಟಿರಂಗಿಲ್ಲೇನವ್ವ?" ಎಂದು ಕೇಳಿದ.

"ಆಕಾಶದಾಗ ಹಗ್ಗ ಎಲ್ಲಿಂದ ಬರ್ತೈತಿ ತಾತ" ಎಂದು ನಾನು ನಕ್ಕೆ.

"ಹಂಗಾದ್ರ ಟೀಚರ್ ಹೇಳಿದ್ದು ಖರೆ ಬಿಡು. ಹಗ್ಗ ಇಲ್ಲಂದ ಮ್ಯಾಲ ಯಾವುದರ ನಡಿಗಿ ಅದಕ್ಕ."

ನಾನು ವಾರವೆಲ್ಲ ಬಾಯಿಪಾಠ ಮಾಡಿದ್ದನ್ನು ಅವನು ಒಂದು ಪ್ರಶ್ನೆ ಕೇಳಿ ಅರ್ಥ ಮಾಡಿಕೊಂಡಿದ್ದ. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಟೀಚರ್ ಹೇಳಿದ್ದೂ ಸರಿ, ತಾತ ಹೇಳಿದ್ದೂ ಸರಿ ಎಂದಮೇಲೆ ಆವತ್ತು ಕಣದಲ್ಲಿ ತಪ್ಪಿದವರು ಯಾರು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ತಾತ ಆಮೇಲೆ ಒಂಬತ್ತು ವರ್ಷ ಬದುಕಿದ್ದ. ಒಂದು ದಿನವೂ ಸಿಟ್ಟು ತೋರಲಿಲ್ಲ. ಆದರೆ ನನಗೆ ಏನನ್ನೂ ಹೇಳಿಕೊಡಲೂ ಇಲ್ಲ. ಈ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ, ಈ ಮೋಡ ಸುರಿಯುತ್ತದೋ ಇಲ್ಲವೋ, ಎಲ್ಲವನ್ನೂ ನನ್ನನ್ನೇ ಕೇಳುತ್ತಿದ್ದ. ಮನೆಗೆಲ್ಲ ನಾನೇ ಜಾಣೆ ಎಂದು ಆಗ ನನಗೆ ಹೆಮ್ಮೆಯೋ ಹೆಮ್ಮೆ.

ಹಂತಿ ಹೋಯಿತು, ಎತ್ತುಗಳೂ ಹೋದವು. ಅವು ಎಲ್ಲರ ಮನೆಯಿಂದಲೂ ಹೋದವು. ತಾತ ಏನನ್ನೂ ಹೇಳಿಕೊಡದ ಆ ಒಂಬತ್ತು ವರ್ಷ ಹೋದದ್ದು ನಮ್ಮ ಮನೆಯಿಂದ ಮಾತ್ರ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದು ಹೇಗೆಂದು ಮೊನ್ನೆ ನನ್ನ ಮಗಳು ಕೇಳಿದಳು. ನನ್ನ ತಾತನಿಗೆ ಗೊತ್ತಿತ್ತು ಎಂದಷ್ಟೇ ಹೇಳಿದೆ.